ಘಟ್ಟ ಇಳಿದರೂ ಕೈಬಿಡದ ಆರೋಗ್ಯದ ಹಕ್ಕು

ಜ್ವರ ಬಂದದ್ದು ಸಾಗರ ತಾಲ್ಲೂಕಿನ ಕಾಡಂಚಿನಲ್ಲಿ, ಚಿಕಿತ್ಸೆ ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ, ಖರ್ಚಿನ ಲೆಕ್ಕ ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಲ್ಲಿ! ಊರು, ಆಸ್ಪತ್ರೆ, ಖಜಾನೆ ಮೂರೂ ಮೂರು ದಿಕ್ಕಿನಲ್ಲಿದ್ದರೂ ರೋಗಿಯ ಹಕ್ಕು ಮಾತ್ರ ಎಲ್ಲಿಯೂ ತುಂಡಾಗದೆ ಅವನೊಡನೆ ಸಾಗುತ್ತದೆ. ಮಲೆನಾಡಿನ ಜನ ಇದನ್ನು ಈಗ ಸಹಜವೆಂದೇ ಭಾವಿಸಿದ್ದಾರೆ. ವಾಸ್ತವದಲ್ಲಿ ಇದು ನಮ್ಮ ಕಾಲದ ಸಾರ್ವಜನಿಕ ವ್ಯವಸ್ಥೆಯ ಒಂದು ಮಹತ್ಸಾಧನೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ವೈದ್ಯಕೀಯ ಭೂಗೋಳವೇ ವಿಲಕ್ಷಣವಾದುದು. ಜಿಲ್ಲಾ ಕೇಂದ್ರ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಸಾಗರದಲ್ಲಿ ಉಪವಿಭಾಗೀಯ ಆಸ್ಪತ್ರೆಯಿದೆ. ಆದರೂ ಕಾಯಿಲೆ ಗಂಭೀರವಾದರೆ ಮನೆಯವರ ಬಾಯಲ್ಲಿ ಬರುವ ಮೊದಲ ಹೆಸರು ಮಣಿಪಾಲ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಹೆಬ್ರಿಯ ಮೇಲೆ ಹೋಗುತ್ತಾರೆ, ಹೊಸನಗರದವರಿಗೆ ಹುಲಿಕಲ್ ಘಾಟಿಯ ದಾರಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಘಟ್ಟದ ಮೇಲಿನವರ ಆಪತ್ಕಾಲದ ಭರವಸೆ ಘಟ್ಟದ ಕೆಳಗೆ ನೆಲೆಸಿತು.

ಈ ಭರವಸೆಯ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಮಂಗನ ಕಾಯಿಲೆಯ ಸಂದರ್ಭದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಆ ಕಾಡಿನ ಹೆಸರನ್ನೇ ವಿಶ್ವದ ವೈದ್ಯಗ್ರಂಥಗಳಿಗೆ ಕೊಟ್ಟ ರೋಗವಿದು. ಉಣುಗುಗಳ ಕಡಿತದಿಂದ ಹರಡುವ ಈ ವೈರಾಣುವಿಗೆ ನಿರ್ದಿಷ್ಟ ಔಷಧವಿಲ್ಲ. ರಕ್ತಸ್ರಾವ, ಪ್ಲೇಟ್‌ಲೆಟ್ ಕುಸಿತಗಳನ್ನು ತಡೆದು ರೋಗಿಯನ್ನು ದಡ ಮುಟ್ಟಿಸುವ ಆರೈಕೆಯೇ ಚಿಕಿತ್ಸೆ. ಸುಸಜ್ಜಿತ ತೀವ್ರ ನಿಗಾ ಘಟಕ ಬೇಕಾಗುವುದು ಅದಕ್ಕಾಗಿಯೇ. ತೋಟಕ್ಕೆ ದರಗು ತರಲು, ಸೊಪ್ಪಿನ ಬೆಟ್ಟಕ್ಕೆ ಹೋಗಲು ಬೇಸಿಗೆಯಲ್ಲಿ ಕಾಡು ಹೊಕ್ಕವರನ್ನೇ ರೋಗ ಹೆಚ್ಚಾಗಿ ಹಿಡಿಯುತ್ತದೆ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿದಾಗ ರೋಗಿಗಳನ್ನು ಮಣಿಪಾಲಕ್ಕೆ ಒಯ್ಯಲಾಯಿತು. ವೆಚ್ಚವನ್ನು ಸರ್ಕಾರ ಭರಿಸಿತು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದ್ದು, ಹೊಸ ಲಸಿಕೆ ಕೈಗೆ ಬರುವವರೆಗೆ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಡೆಪಾ ತೈಲ ಮತ್ತು ಸಕಾಲಿಕ ಚಿಕಿತ್ಸೆಯೇ ಗತಿ.

ಇಂಥ ಹಕ್ಕಿಗೆ ಕರ್ನಾಟಕದಲ್ಲಿ ಬುನಾದಿ ಹಾಕಿದ ಕೀರ್ತಿ ಸಹಕಾರಿ ರೈತರದು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರ ಚಿಂತನೆಯಿಂದ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ತಿಂಗಳಿಗೆ ಕೇವಲ 5 ರೂಪಾಯಿಯ ವಂತಿಗೆಯ ಮೇಲೆ ನಿಂತಿತ್ತು. ಮೊದಲ ವರ್ಷವೇ 16 ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಅಡಿಕೆ ಬೆಳೆಗಾರನಿಗೆ ಸೊಸೈಟಿ ಎಂದರೆ ಬೆಳೆಸಾಲ, ಗೊಬ್ಬರಗಳ ಜಾಗ. ಅದೇ ಸೊಸೈಟಿಯ ಸದಸ್ಯತ್ವ ಶಸ್ತ್ರಚಿಕಿತ್ಸೆಯ ರಹದಾರಿಯೂ ಆದದ್ದು ಅಸಾಮಾನ್ಯ ಕಲ್ಪನೆ. 2018ರಲ್ಲಿ ಈ ಯೋಜನೆಯನ್ನು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಿದ್ದು ದುಡುಕೆಂದೇ ಹೇಳಬೇಕು. 2022ರಲ್ಲಿ ಯಶಸ್ವಿನಿ ಮರಳಿ ಬಂತು. ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ.

ಇದರ ಜೊತೆಗೇ ನಿಂತಿರುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ನಾಲ್ಕು ಎಕರೆ ತೋಟವಿದ್ದ ಮಾತ್ರಕ್ಕೆ ಕೈಯಲ್ಲಿ ಲಕ್ಷಗಟ್ಟಲೆ ರೊಕ್ಕವಿರುತ್ತದೆಯೇ? ಕೊಳೆರೋಗ ಬಂದ ವರ್ಷ ಆ ಉಳಿದ ಶೇ 70 ಎಷ್ಟು ಭಾರವೆಂದು ಮಲೆನಾಡಿಗೆ ಗೊತ್ತು. ಯಶಸ್ವಿನಿಯ ಮಹತ್ವ ಇಲ್ಲಿದೆ.

ಗಡಿ ದಾಟುವ ಹಕ್ಕಿನ ಪ್ರಶ್ನೆ ಜಗತ್ತಿನ ಶ್ರೀಮಂತ ರಾಷ್ಟ್ರಗಳನ್ನೂ ಬಿಟ್ಟಿಲ್ಲ. ಸ್ಪೇನ್, ಫ್ರಾನ್ಸ್‌ಗಳಲ್ಲಿ ನೆಲೆಸಿದ ಬ್ರಿಟನ್ನಿನ ಪಿಂಚಣಿದಾರರು ಎಸ್1 ಎಂಬ ಪ್ರಮಾಣಪತ್ರವನ್ನು ಅಲ್ಲಿ ನೋಂದಾಯಿಸಿದರೆ ಸ್ಥಳೀಯರಂತೆಯೇ ಚಿಕಿತ್ಸೆ ಪಡೆಯುತ್ತಾರೆ, ವೆಚ್ಚ ಬ್ರಿಟನ್ನಿನದು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆದಾಗ ಈ ವೃದ್ಧರ ಎದೆ ನಡುಗಿತ್ತು. 2020ರ ಡಿಸೆಂಬರ್ 31ರೊಳಗೆ ಅಲ್ಲಿ ನೆಲೆಸಿದ್ದವರ ಹಕ್ಕನ್ನು ನಿರ್ಗಮನ ಒಪ್ಪಂದ ಕಾಪಾಡಿತು. ಅದೇ ಬ್ರಿಟನ್ನಿಗೆ ನಮ್ಮ ಮಲೆನಾಡಿನ ಮಕ್ಕಳು ಉದ್ಯೋಗಕ್ಕೆ ಹೋದರೆ ವೀಸಾದೊಂದಿಗೆ ಸಾಮಾನ್ಯವಾಗಿ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ತೆತ್ತು ಅಲ್ಲಿನ ಸರ್ಕಾರಿ ಸೇವೆಗೆ ಅರ್ಹರಾಗುತ್ತಾರೆ. ಮೊಮ್ಮಗುವನ್ನು ನೋಡಲು ಹೋಗುವ ಅಪ್ಪ–ಅಮ್ಮನಿಗೆ ಆ ಅರ್ಹತೆಯಿಲ್ಲ. ಸಂದರ್ಶಕರು ಅಲ್ಲಿನ ಆಸ್ಪತ್ರೆಗೆ ದಾಖಲಾದರೆ ನಿಗದಿತ ದರದ ಒಂದೂವರೆ ಪಟ್ಟು ತೆರಬೇಕಾಗಬಹುದು. ಊರಿನ ಯಾವ ಆರೋಗ್ಯ ಕಾರ್ಡೂ ಅಲ್ಲಿ ನಡೆಯದು, ಪ್ರವಾಸ ವಿಮೆಯೊಂದೇ ಆಸರೆ.

ಹಕ್ಕಿದ್ದರೆ ಸಾಲದು, ದಾರಿಯೂ ಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ, ಬ್ಯಾಕೋಡಿನವರಿಗೆ ಸಂಜೆಯ ಲಾಂಚ್ ತಪ್ಪಿದರೆ ಸಾಗರದ ಆಸ್ಪತ್ರೆಯೇ ಪರದೇಶವಾಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಆ ಶಾಪ ನೀಗಿತು. ಆರು ದಶಕಗಳ ಹಿಂದೆ ನಾಡಿಗೆ ಬೆಳಕು ಕೊಡಲು ಮುಳುಗಡೆಯಾದವರಿಗೆ ಇಷ್ಟು ತಡವಾಗಬಾರದಿತ್ತು.

ಘಟ್ಟ ಇಳಿಯುವ ಮುನ್ನ ಓದುಗರು ಗಮನಿಸಬೇಕಾದದ್ದು ಇಷ್ಟು: ಆರೋಗ್ಯ ಕರ್ನಾಟಕದಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ತುರ್ತು ಚಿಕಿತ್ಸೆಗೆ ಬೇಡ. ಆಧಾರ್, ಪಡಿತರ ಚೀಟಿಗಳು ಜೊತೆಯಲ್ಲಿರಲಿ. ಯಶಸ್ವಿನಿಯ ನೋಂದಣಿ ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ ನಡೆಯುವುದರಿಂದ, ಈ ಬಾರಿಯ ದಿನಾಂಕವನ್ನು ನಿಮ್ಮ ಸೊಸೈಟಿಯ ಕಾರ್ಯದರ್ಶಿಯಲ್ಲಿ ಈಗಲೇ ವಿಚಾರಿಸಿಕೊಳ್ಳಿ.