ಯಂತ್ರ ಬಂದಿತು, ಕೂಲಿಯವರು ಎಲ್ಲಿ ಹೋದರು?

ಸಂಡೂರಿನ ಬೆಟ್ಟಸಾಲಿನಿಂದ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಕೊಳವೆಯಾಕಾರದ ಕನ್ವೇಯರ್ ಬೆಲ್ಟ್ ಅದಿರನ್ನು ಹೊತ್ತು ತರುತ್ತಿದೆ. ಲಾರಿಗಳ ಸಾಲು ಮಾಡುತ್ತಿದ್ದ ಕೆಲಸವನ್ನು ನಿಯಂತ್ರಣ ಕೊಠಡಿಯಲ್ಲಿ ಕುಳಿತ ಕೆಲವೇ ಮಂದಿ ನಿಭಾಯಿಸಬಲ್ಲರು. ದೂಳು ತಗ್ಗುತ್ತದೆ, ರಸ್ತೆಗಳು ಉಳಿಯುತ್ತವೆ; ಇದನ್ನು ಯಾರೂ ಬೇಡವೆನ್ನಲಾರರು. ಆದರೆ ಆ ಲಾರಿಗಳನ್ನೇ ನಂಬಿದ್ದ ಚಾಲಕ, ಕ್ಲೀನರ್, ಪಂಕ್ಚರ್ ಅಂಗಡಿಯವರ ಲೆಕ್ಕ ಇಡುವವರು ಯಾರು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಬಹುಮಟ್ಟಿಗೆ ಮಳೆಯನ್ನು ನಂಬಿದ ಸೀಮೆ. ಮಳೆ ಕೈಕೊಟ್ಟರೆ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುವುದು ಇಲ್ಲಿನ ಬಡವರಿಗೆ ಹೊಸದಲ್ಲ. 2000ರ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದಾಗ ಗಣಿಯ ಕೂಲಿಯೂ ಒಂದು ಆಸರೆಯಾಯಿತು. ಹೆಂಗಸರು, ಮಕ್ಕಳು ಸುತ್ತಿಗೆಯಿಂದ ಅದಿರು ಒಡೆದ ಕಾಲವದು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಿತು. ಮುಂದೆ ಗಣಿಗಳು ಹಂತ ಹಂತವಾಗಿ ತೆರೆದವು. ಸುತ್ತಿಗೆಯ ಕೆಲಸ ಮಾತ್ರ ಮರಳಲಿಲ್ಲ, ಆ ಜಾಗದಲ್ಲಿ ಕ್ರಷರ್ ಯಂತ್ರಗಳು ನಿಂತಿದ್ದವು. ಆ ಕ್ರೂರ ದುಡಿಮೆ ಹೋದದ್ದು ಒಳ್ಳೆಯದೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರಿಗೆ ಪರಿಹಾರವೂ ದಕ್ಕದು.

ಯಂತ್ರವೂ ಕೆಲಸ ಕೊಡುತ್ತದೆ, ನಿಜ. ಆದರೆ ಅದು ಕೇಳುವುದು ಸೆನ್ಸರ್ ಬಲ್ಲ ಎಲೆಕ್ಟ್ರಿಷಿಯನ್‌ನನ್ನು, ಕಂಪ್ಯೂಟರ್ ಬಲ್ಲ ಫಿಟ್ಟರನ್ನು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರಲ್ಲಿ ಮೇಲ್ದರ್ಜೆಗೇರಿಸಿ, ರೋಬಾಟಿಕ್ಸ್‌ನಂಥ ವಿಷಯಗಳನ್ನು ಕಲಿಸಲು ಮುಂದಾದದ್ದು ಸರಿಯಾದ ಹೆಜ್ಜೆ. ಆದರೆ ಎಸ್ಸೆಸ್ಸೆಲ್ಸಿ ಮುಗಿಸದ ನಲವತ್ತರ ಕೂಲಿಯವನಿಗೆ ಆ ಬಾಗಿಲು ತೆರೆಯುವುದು ಸುಲಭವಲ್ಲ.

ದುಡ್ಡಿಗೇನೂ ಕೊರತೆಯಿಲ್ಲ. 2015ರ ಕಾಯ್ದೆ ತಿದ್ದುಪಡಿಯಂತೆ ಗಣಿ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತವೆ. ಕೌಶಲ ತರಬೇತಿಯೂ ಅದರ ಉದ್ದೇಶಗಳಲ್ಲೊಂದು. ತೊಡಕಿರುವುದು ಅಳತೆಯಲ್ಲಿ. 2024ರ ಮಾರ್ಗಸೂಚಿ ಗಣಿಯಿಂದ 15 ಕಿ.ಮೀ.ವರೆಗೆ ನೇರ ಬಾಧಿತ, 25 ಕಿ.ಮೀ.ವರೆಗೆ ಪರೋಕ್ಷ ಬಾಧಿತ ಪ್ರದೇಶವೆಂದು ಗೆರೆ ಎಳೆಯುತ್ತದೆ. ಸಂಡೂರಿನ ಗಣಿಗಳಿಂದ ನೋಡಿದರೆ ಹಡಗಲಿ, ಹರಪನಹಳ್ಳಿಗಳು ಆ ಗೆರೆಯಾಚೆಗೆ ಉಳಿಯುತ್ತವೆ. ಸಾಲದೆಂಬಂತೆ 2021ರಲ್ಲಿ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು ಬಳ್ಳಾರಿಯಲ್ಲೇ ಉಳಿಯಿತು.

ದೂಳನ್ನು ಕಿಲೋಮೀಟರಿನಲ್ಲಿ ಅಳೆಯಬಹುದು. ಕಳೆದುಹೋದ ಕೂಲಿಯನ್ನು ಹಾಗೆ ಅಳೆಯಲಾಗದು. ಗಣಿಗೆ ದುಡಿದವರ ಪಟ್ಟಿಯನ್ನು ಅವರ ಊರುಗಳಲ್ಲೇ ಕುಳಿತು ತಯಾರಿಸಿ, ವಯಸ್ಸು–ವಿದ್ಯೆಗೆ ತಕ್ಕ ತರಬೇತಿಯನ್ನು ಕೂಲಿಸಹಿತ ಕೊಡುವ ಹೊಣೆ ಎರಡೂ ಜಿಲ್ಲಾಡಳಿತಗಳದ್ದು. ಯಂತ್ರವನ್ನು ತಡೆಯಬೇಕಿಲ್ಲ; ಅದು ಉಳಿಸಿದ ಹಣದಲ್ಲಿ ಒಂದು ಪಾಲು ಅದು ಮನೆಗೆ ಕಳುಹಿಸಿದವರಿಗೂ ಸಲ್ಲಬೇಕು.