ಗಂಡು ಹೂ ಕೊಯ್ಯಿ, ಹೆಣ್ಣು ಹೂ ಬಿಡು

‘ನಿಮ್ಮ ಕಡೆ ಹೂವನ್ನೂ ಬಿಡಲ್ವೇನೋ?’

ಮೊಬೈಲ್‌ನಲ್ಲಿದ್ದ ಹೂವಿನ ಬಜ್ಜಿಯ ಫೋಟೊ ನೋಡಿ ರೂಮ್‌ಮೇಟ್ ಹೀಗೆ ಕೇಳಿದ. ಬಯಲುಸೀಮೆಯ ಅವನ ಲೆಕ್ಕದಲ್ಲಿ ಹೂವು ಎಂದರೆ ದೇವರಿಗೆ, ಇಲ್ಲವೇ ಮುಡಿಗೆ. ಪಕ್ಕದ ರೂಮಿನ ಕೋಲ್ಕತ್ತದ ಗೆಳೆಯ ಮಾತ್ರ ಇಣುಕಿ ನೋಡಿ, ‘ಅರೆ, ಕುಮ್ರೊ ಫೂಲ್!’ ಎಂದು ಕುಣಿದುಬಿಟ್ಟ. ಅವರ ಮನೆಯಲ್ಲೂ ಅದನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರಂತೆ. ಮೆಸ್ಸಿನ ನೀರು ಸಾಂಬಾರಿನ ಎದುರು ಕೂತು ಇಬ್ಬರೂ ಅರ್ಧ ಗಂಟೆ ಹೂವಿನ ಮಾತಾಡಿದೆವು.

ನಮ್ಮ ಊರು ಸಾಗರದ ಹತ್ತಿರದ ಹಳ್ಳಿ. ನೀವು ಸಿಹಿಗುಂಬಳ ಎನ್ನುವುದನ್ನು ನಾವು ಚೀನಿಕಾಯಿ ಎನ್ನುತ್ತೇವೆ. ಹೆಸರು ಚೀನಿಯಾದರೂ ಬಳ್ಳಿಯ ತವರು ಅಮೆರಿಕ ಖಂಡ. ಮೆಕ್ಸಿಕೊದಲ್ಲಿ ಇದರ ಹೂವನ್ನು ರೊಟ್ಟಿಯೊಳಗಿಟ್ಟು ಬೇಯಿಸುತ್ತಾರೆ, ಇಟಲಿಯಲ್ಲಿ ಚೀಸ್ ತುಂಬಿ ಕರಿಯುತ್ತಾರೆ. ನಮ್ಮಲ್ಲಿ ಮಳೆಗಾಲದ ಮೊದಲು ಗೊಬ್ಬರ ಗುಂಡಿಯ ಪಕ್ಕ ಅಜ್ಜಿ ನಾಲ್ಕು ಬೀಜ ಊರಿದರೆ ಆಯಿತು, ಆಷಾಢ ಮುಗಿಯುವಷ್ಟರಲ್ಲಿ ಬಳ್ಳಿ ಕೊಟ್ಟಿಗೆಯ ಮಾಡು ಹತ್ತಿರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹಳದಿ ಹೂಗಳ ಸಾಲು.

ಈ ಹೂವಿಗೆ ಟೈಂಟೇಬಲ್ ಇದೆ. ಬೆಳಕು ಹರಿಯುವಾಗ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ಒಂದು ಹೂವಿಗೆ ಒಂದೇ ಬೆಳಗು. ಹಾಗಾಗಿ ಏಳು ಗಂಟೆಯೊಳಗೆ ಕೊಯ್ಯಬೇಕು. ಎಂಟೂವರೆಗೆ ಏಳುವ ಹಾಸ್ಟೆಲ್ ಹುಡುಗರಿಗೆ ಹೇಳಿದ್ದಲ್ಲ!

ಇನ್ನೊಂದು ನಿಯಮ ಅದಕ್ಕಿಂತ ಮುಖ್ಯ. ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುತ್ತವೆ. ಮೊದಲು ಬರುವುದೂ ಹೆಚ್ಚು ಬರುವುದೂ ಗಂಡು ಹೂ. ಅದರ ತೊಟ್ಟು ಉದ್ದ, ತೆಳ್ಳಗೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಮಿಡಿ ಇರುತ್ತದೆ. ಜೇನ್ನೊಣ ಗಂಡು ಹೂವಿನ ಪರಾಗ ತಂದು ಮುಟ್ಟಿಸಿದರೆ ಆ ಮಿಡಿಯೇ ಕಾಯಿ. ಅಡುಗೆಗೆ ಗಂಡು ಹೂ ಮಾತ್ರ, ಅದರಲ್ಲೂ ನೊಣಕ್ಕೆಂದು ಒಂದಿಷ್ಟು ಬಳ್ಳಿಯಲ್ಲೇ ಬಿಡಬೇಕು.

ಇದು ನನಗೆ ಗೊತ್ತಾಗಿದ್ದು ತಪ್ಪು ಮಾಡಿದ ಮೇಲೆ. ಆರನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ, ಬಜ್ಜಿ ಆಸೆಗೆ ಒಬ್ಬನೇ ಹೋಗಿ ಬುಟ್ಟಿ ತುಂಬ ಹೂ ಕೊಯ್ದು ತಂದೆ. ‘ಬುಡದಲ್ಲಿ ಗುಂಡಗೆ ಇರೋದು ಜಾಸ್ತಿ ರುಚಿ ಇರಬೇಕು’ ಅಂತ ಅಂಥವನ್ನೇ ಹುಡುಕಿ ಕಿತ್ತಿದ್ದೆ! ಅಜ್ಜಿ ಬುಟ್ಟಿ ನೋಡಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಬೈಯದೆ ಬಜ್ಜಿ ಕರಿದು ಕೊಟ್ಟಳು. ಆ ವರ್ಷ ದೀಪಾವಳಿಯ ಕಡುಬಿಗೆ ಅಪ್ಪ ಪೇಟೆಯಿಂದ ಚೀನಿಕಾಯಿ ತಂದರು. ‘ಈ ಸಲ ಬಳ್ಳಿ ಯಾಕೋ ಕಾಯೇ ಬಿಡಲಿಲ್ಲ’ ಎಂದು ಅಮ್ಮ ಹೇಳಿದಾಗ ಅಜ್ಜಿ ನನ್ನ ಮುಖ ನೋಡಿ, ‘ಮಳೆ ಜಾಸ್ತಿ ಆತು’ ಎಂದಳು. ಮರುದಿನ ನನ್ನನ್ನು ಬಳ್ಳಿಯ ಹತ್ತಿರ ಕರೆದೊಯ್ದು, ಉಳಿದಿದ್ದ ನಾಲ್ಕು ಹೂ ತೋರಿಸಿ ಪಾಠ ಮಾಡಿದಳು. ‘ಗಂಡು ಹೂ ಕೊಯ್ಯಿ ಅಪ್ಪಿ, ಹೆಣ್ಣು ಹೂ ಮುಟ್ಟಡ.’

ಅಡುಗೆ ಸುಲಭ. ಹೂವಿನ ಬುಡದ ಮುಳ್ಳುಮುಳ್ಳಾದ ಹಸಿರು ಎಸಳು, ಒರಟು ತೊಟ್ಟು, ನಡುವಿನ ಕೇಸರ ತೆಗೆಯಿರಿ. ಒಳಗೆ ಇರುವೆ, ಹುಳ ಇದ್ದೀತು, ಬಿಡಿಸಿ ಕೊಡವಿ. ನೀರಿನಲ್ಲಿ ಅದ್ದಿ ತಕ್ಷಣ ಎತ್ತಿ, ನೆನೆಸಿದರೆ ಮೆತ್ತಗಾಗುತ್ತದೆ.

ಬಜ್ಜಿಗೆ ಒಂದು ಲೋಟ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಖಾರದಪುಡಿ, ಓಮ, ಇಂಗು, ಉಪ್ಪು. ಹಿಟ್ಟು ಮೆಣಸಿನಕಾಯಿ ಬಜ್ಜಿಯ ಹಿಟ್ಟಿಗಿಂತ ತೆಳ್ಳಗಿರಲಿ, ಇಲ್ಲದಿದ್ದರೆ ಹೂವಿನ ರುಚಿಯೇ ಸಿಗುವುದಿಲ್ಲ.

ಪಲ್ಯಕ್ಕೆ ಇಪ್ಪತ್ತು ಹೂ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆಯಲ್ಲಿ ಈರುಳ್ಳಿ ಬಾಡಿಸಿ ಹಾಕಿ. ಮೂರ್ನಾಲ್ಕು ನಿಮಿಷ ಸಾಕು, ಮೇಲೆ ಕಾಯಿತುರಿ. ಉಪ್ಪು ಮಾತ್ರ ಕೊನೆಗೆ. ಬಾಣಲೆ ತುಂಬ ಇದ್ದ ಹೂ ಬಾಡಿ ಒಂದು ಹಿಡಿ ಆಗುತ್ತದೆ. ಮೊದಲ ಸಲ ನಾನು ಬಾಣಲೆ ನೋಡಿ ಉಪ್ಪು ಹಾಕಿ, ಪಲ್ಯವನ್ನು ಉಪ್ಪಿನಕಾಯಿ ಮಾಡಿದ್ದೆ.

ತಂಬುಳಿಗೆ ಎಂಟು ಹತ್ತು ಹೂವನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆಗೆ ಬೆರೆಸಿದರಾಯಿತು. ಕುದಿಸುವ ಕೆಲಸವಿಲ್ಲ.

ಈ ಸಲ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅಜ್ಜಿ ಬೆಳಿಗ್ಗೆಯೇ ಹೂ ಕೊಯ್ದು ತಂದಿದ್ದಳು. ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ, ‘ಈ ವಯಸ್ಸಿಗೆ ಇಷ್ಟು ಕಂಡರೆ ಸಾಕು’ ಎಂದು ಎದ್ದು ಹೋಗುತ್ತಾಳೆ. ಹೂ ಬಿಡಿಸಲು ಕುಳಿತವನು ತಟ್ಟೆ ನೋಡಿದೆ. ಮೂರು ಹೂವಿನ ಬುಡದಲ್ಲಿ ಪುಟ್ಟ ಮಿಡಿ.

ನಲವತ್ತು ಐವತ್ತು ವರ್ಷ ಹೂ ಕೊಯ್ದ ಕೈ. ಏನು ಹೇಳಲಿ? ಆರನೇ ಕ್ಲಾಸಿನ ಬುಟ್ಟಿ ನೆನಪಾಯಿತು. ಸುಮ್ಮನೆ ಮಿಡಿ ಸಮೇತ ಸಣ್ಣಗೆ ಹೆಚ್ಚಿ ಪಲ್ಯ ಮಾಡಿದೆ.

ಊಟಕ್ಕೆ ಕೂತ ಅಜ್ಜಿ ಎರಡು ತುತ್ತು ತಿಂದು ನಿಲ್ಲಿಸಿದಳು. ‘ಮಿಡಿ ರುಚಿ ಬತ್ತಲ್ಲ ಅಪ್ಪಿ.’

‘ಮಳೆ ಜಾಸ್ತಿ ಅಜ್ಜಿ, ಅದಕ್ಕೆ’ ಎಂದೆ.

ಅವಳು ನನ್ನ ಕಡೆ ತಿರುಗಿ ಜೋರಾಗಿ ನಕ್ಕಳು. ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಕೈ ತೊಳೆದು ಬಂದವಳು ಅಪ್ಪನ ಹತ್ತಿರ ಹೇಳಿದಳು: ‘ಮಳೆ ಹೊಳವಾದ ಮೇಲೆ ಕಣ್ಣಿನ ಡಾಕ್ಟರ ಹತ್ರ ಹೋಪನ.’

ಎರಡು ವರ್ಷ ಮನೆಮಂದಿಯೆಲ್ಲ ಹೇಳಿದರೂ ಆಗದ ಕೆಲಸವನ್ನು ಮೂರು ಹೂ ಮಾಡಿದ್ದವು. ಈಗ ದಿನಾ ಸಂಜೆ ಫೋನ್ ಮಾಡಿದಾಗ ನನ್ನ ಮೊದಲ ಪ್ರಶ್ನೆ, ‘ಅಜ್ಜಿ, ಮಳೆ ಹೊಳವಾತಾ?’