ಹಳೆಯ ಡ್ರಮ್ಮಿಗೆ ಬಿಡಿಭಾಗ ಹುಡುಕುತ್ತಾ: ಬಳೇಪೇಟೆಯಿಂದ ಎಸ್.ಪಿ. ರಸ್ತೆಗೆ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ಬಳೇಪೇಟೆ ಕೂಗಳತೆಯ ದೂರ. ಬಟ್ಟೆ ಅಂಗಡಿಗಳ ಗಲಾಟೆಯ ನಡುವೆಯೇ ವೀಣೆ, ಹಾರ್ಮೋನಿಯಂ, ತಬಲಾ, ಮೃದಂಗ ಕಣ್ಣಿಗೆ ಬೀಳತೊಡಗುತ್ತವೆ. ಬೆಂಗಳೂರಿಗರು ವಾದ್ಯ ಕೊಳ್ಳಲು ತಲೆಮಾರುಗಳಿಂದ ಬರುತ್ತಿರುವ ಬೀದಿ ಇದು. ಇಲ್ಲಿಂದ ಅವೆನ್ಯೂ ರಸ್ತೆ ದಾಟಿ ಪೂರ್ವಕ್ಕೆ ನಡೆದರೆ ನಟ್ಟು, ಬೋಲ್ಟು, ಸ್ಪ್ರಿಂಗು, ವಾಷರುಗಳ ಎಸ್.ಪಿ. ರಸ್ತೆ. ಹಳೆಯ ಡ್ರಮ್ಮಿಗೆ ಜೀವ ತುಂಬಬೇಕೆನ್ನುವವರಿಗೆ ಈ ಎರಡು ಬೀದಿಗಳೂ ಬೇಕು. ಒಂದು ಕಡೆ ನಾದ ಗೊತ್ತಿರುವವರು ಸಿಗುತ್ತಾರೆ, ಇನ್ನೊಂದು ಕಡೆ ಲೋಹ ಗೊತ್ತಿರುವವರು.

ನಾನು ಹೊತ್ತು ತಂದಿದ್ದು ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ದುಡಿದು ಮೂಲೆ ಸೇರಿದ್ದ ಪ್ರೀಮಿಯರ್ ಕಂಪನಿಯ ಸೈಡ್ ಡ್ರಮ್. ಹೆಗಲಿಗೆ ತೂಗುಹಾಕಿ ಬಾರಿಸುತ್ತಿದ್ದ ಅದನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ನುಡಿಸುವ ಸ್ನೇರ್ ಡ್ರಮ್ ಮಾಡಬೇಕಿತ್ತು. ಮರದ ಶೆಲ್, ಅಂದರೆ ಡ್ರಮ್ಮಿನ ಒಡಲು, ಗಟ್ಟಿಯಾಗಿತ್ತು. ಡ್ರಮ್ಮಿನ ಮುಖವನ್ನು ಬಿಗಿಯುವ ಟೆನ್ಷನ್ ರಾಡುಗಳಲ್ಲಿ ಕೆಲವು ಕಾಣೆಯಾಗಿದ್ದವು, ಮುಖವನ್ನು ಒತ್ತಿ ಹಿಡಿಯುವ ಬಳೆಗಳಲ್ಲಿ ಕೆಳಗಿನದು, ಅಂದರೆ ಕೆಳ ಹೂಪ್, ತುಕ್ಕು ಹಿಡಿದಿತ್ತು, ಸ್ನೇರ್ ತಂತಿಯನ್ನು ಬಿಗಿದು ಸಡಿಲಿಸುವ ಸ್ಟ್ರೈನರ್ ಮುರಿದಿತ್ತು. ಪ್ರೀಮಿಯರ್ ಲಂಡನ್ನಿನಲ್ಲಿ 1922ರಲ್ಲಿ ಹುಟ್ಟಿದ ಕಂಪನಿ. ಯುದ್ಧಕಾಲದ ಬಾಂಬ್ ದಾಳಿಯ ನಂತರ 1940ರಲ್ಲಿ ಲೆಸ್ಟರ್ ಕಡೆಗೆ ಸ್ಥಳಾಂತರಗೊಂಡಿತು. ಇಂಥ ಡ್ರಮ್ಮಿಗೆ ಮೂಲ ಬಿಡಿಭಾಗ ಅಂಗಡಿಯ ಕಪಾಟಿನಲ್ಲಿ ಕಾದು ಕೂತಿರುವುದಿಲ್ಲ. ಅಳತೆ ಹಿಡಿದು ಹುಡುಕಬೇಕು.

ಮೊದಲ ನಿಲುಗಡೆ: ಬಳೇಪೇಟೆ

ಬಳೇಪೇಟೆಯಲ್ಲಿ ಮೊದಲು ನೋಡಬೇಕಾದದ್ದು ಡ್ರಮ್ಮಿನ ಮುಖ, ಅಂದರೆ ಹೆಡ್. ಪ್ಲಾಸ್ಟಿಕ್ ಹೆಡ್‌ಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಉತ್ತರಾರ್ಧದಲ್ಲಿ. ರೆಮೊ ಕಂಪನಿ ಶುರುವಾದದ್ದು 1957ರಲ್ಲಿ. ಅದಕ್ಕೂ ಮೊದಲು ಬಹುತೇಕ ಕರುವಿನ ಚರ್ಮ. ಹದಿನಾಲ್ಕು ಅಂಗುಲದ ಪ್ಲಾಸ್ಟಿಕ್ ಹೆಡ್ ಸಲೀಸಾಗಿ ಕೂರಬೇಕಾದರೆ ಶೆಲ್‌ನ ಹೊರವ್ಯಾಸ 14 ಅಂಗುಲಕ್ಕಿಂತ, ಅಂದರೆ 355.6 ಮಿ.ಮೀ.ಗಿಂತ, ತುಸು ಕಡಿಮೆ ಇರಲೇಬೇಕು. ಹಳೆಯ ಪ್ರೀಮಿಯರ್ ಶೆಲ್‌ಗಳು ತುಸು ದೊಡ್ಡವು. ಈಗಿನ ಹೆಡ್ ಅವುಗಳ ಮೇಲೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಇಳಿಯುವುದೇ ಇಲ್ಲ. ಆದ್ದರಿಂದ ಹೆಡ್ ಕೊಳ್ಳುವಾಗ ಡ್ರಮ್ಮನ್ನೇ ಒಯ್ದು, ಅಲ್ಲೇ ಕೂರಿಸಿ, ಬೆರಳಿನಲ್ಲಿ ತಿರುಗಿಸಿ ನೋಡಬೇಕು. ಹೆಡ್ ಸುತ್ತಲೂ ಸರಾಗವಾಗಿ ತಿರುಗಿದರೆ ಮಾತ್ರ ಶ್ರುತಿ ಸಮನಾಗಿ ಕೂರುತ್ತದೆ.

ಕೂರದಿದ್ದರೆ ಶೆಲ್ ಉಜ್ಜಿ ಸಣ್ಣದು ಮಾಡುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ಅದರ ಬದಲು ಚರ್ಮದ ಹೆಡ್ ಹಾಕಿಸಬಹುದು: ಮರದ ಬಳೆಗೆ ನೆನೆಸಿದ ಚರ್ಮ ಸುತ್ತಿ ಒಣಗಿಸುವ ಹಳೆಯ ವಿಧಾನ ಇನ್ನೂ ಸತ್ತಿಲ್ಲ. ಮೃದಂಗಕ್ಕೆ, ತಬಲಾಕ್ಕೆ ಮುಚ್ಚಿಗೆ ಹಾಕುವವರ ಕೈಗೆ ಚರ್ಮದ ಸ್ವಭಾವ ಚೆನ್ನಾಗಿ ಗೊತ್ತು. ಅವರೊಂದಿಗೆ ಕೂತು ಮಾತಾಡಿದರೆ ದಾರಿ ಸಿಗುತ್ತದೆ. ಬಾರು ತೆಗೆದು ಬೋಲ್ಟು ಹಾಕಿದ ಮೃದಂಗಗಳನ್ನು ಕಂಡವರಿಗೆ, ವಾದ್ಯವನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಬದಲಿಸುವುದು ಹೊಸ ಸಂಗತಿಯೂ ಅಲ್ಲ.

ಹೂಪ್ ಕೊಳ್ಳುವಾಗ ವ್ಯಾಸವೊಂದನ್ನೇ ಹೇಳಿದರೆ ಸಾಲದು. ಆರು ರಾಡಿನ ಹೂಪ್‌ನಲ್ಲಿ ರಾಡು ಹಾಯುವ ಕಿವಿಗಳ ನಡುವಿನ ಕೋನ 60 ಡಿಗ್ರಿ, ಎಂಟರದ್ದಕ್ಕೆ 45, ಹತ್ತರದ್ದಕ್ಕೆ 36. ಎಂಟರ ಜಾಗದಲ್ಲಿ ಹತ್ತರದ್ದು ಕೂರುವುದಿಲ್ಲ. ಸ್ನೇರ್ ಡ್ರಮ್ಮಿನ ಕೆಳ ಹೂಪ್‌ಗೆ ತಂತಿಯ ಪಟ್ಟಿ ಹಾಯಲು ಎದುರುಬದುರು ಎರಡು ಬಾಗಿಲು ಬೇರೆ ಇರಬೇಕು. ಮೇಲಿನ ಹೂಪ್ ತಂದು ಕೆಳಗೆ ಹಾಕಿದರೆ ಪಟ್ಟಿ ಮಡಿಚಿಕೊಂಡು ತಂತಿ ಚರ್ಮಕ್ಕೆ ಸಮನಾಗಿ ಒರಗುವುದಿಲ್ಲ.

ಎಸ್.ಪಿ. ರಸ್ತೆಯಲ್ಲಿ ಥ್ರೆಡ್ ಪರೀಕ್ಷೆ

ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳನ್ನು ದಾಟಿ ಎಸ್.ಪಿ. ರಸ್ತೆಗೆ ಬಂದರೆ ಇಕ್ಕಟ್ಟಾದ ಅಂಗಡಿಗಳಲ್ಲಿ ನೆಲದಿಂದ ಸೂರಿನವರೆಗೆ ಡಬ್ಬಿಗಳು. ಇಡೀ ಹುಡುಕಾಟದ ಕಠಿಣ ಭಾಗ ಇಲ್ಲಿದೆ: ಟೆನ್ಷನ್ ರಾಡಿನ ಥ್ರೆಡ್.

ಇವತ್ತಿನ ಬಹುತೇಕ ಡ್ರಮ್ ರಾಡುಗಳ ದಪ್ಪ 7/32 ಅಂಗುಲ, ಅಂಗುಲಕ್ಕೆ 24 ಥ್ರೆಡ್. ಅಮೆರಿಕದ 12-24 ಅಳತೆಯೂ ಇದಕ್ಕೆ ಕೂದಲೆಳೆಯಷ್ಟೇ ದೂರ. ಮಿಲಿಮೀಟರಿನಲ್ಲಿ ಹೇಳುವುದಾದರೆ ದಪ್ಪ ಸುಮಾರು 5.5, ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ 1.06. ಜರ್ಮನಿಯ ಸೋನರ್ ಕಂಪನಿಯ ಹಲವು ಡ್ರಮ್ಮುಗಳದ್ದು ಎಂ6, ಅಂದರೆ 6 ಮಿ.ಮೀ. ದಪ್ಪದ ಮೆಟ್ರಿಕ್ ಥ್ರೆಡ್. ಭಾರತ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದುದರಿಂದ ಅಂಗಡಿಯಲ್ಲಿ ಕೇಳಿದ ತಕ್ಷಣ ಕೈಗೆ ಬರುವುದು ಎಂ5 ಅಥವಾ ಎಂ6. ಎಂ5 ಲಗ್‌ನೊಳಗೆ, ಅಂದರೆ ಶೆಲ್‌ಗೆ ಬಿಗಿದಿರುವ, ರಾಡು ಇಳಿಯುವ ಗೂಡಿನೊಳಗೆ, ಜೋತಾಡುತ್ತದೆ. ಎಂ6ರ ಥ್ರೆಡ್ ಅಂತರ 1 ಮಿ.ಮೀ.; ಬರಿಗಣ್ಣಿಗೆ ಅದೂ ಡ್ರಮ್ ರಾಡಿನ 1.06ರ ಅಂತರವೂ ಒಂದೇ ಥರ. ದಪ್ಪ ಹೆಚ್ಚಿದ್ದರೂ ಸ್ಪ್ಯಾನರ್ ಹಾಕಿ ಒತ್ತಾಯದಿಂದ ತಿರುಗಿಸಿದರೆ ಒಳಗೆ ಇಳಿದಂತೆ ಕಂಡು ಲಗ್‌ನೊಳಗಿನ ಹಿತ್ತಾಳೆ ನಟ್ಟನ್ನು ಕೊರೆದುಹಾಕುತ್ತದೆ. ರಾಡ್ ಹೋದರೆ ಇನ್ನೊಂದು ಸಿಗುತ್ತದೆ. ಹಳೆಯ ಲಗ್ ಹೋದರೆ ಅದೇ ನಮೂನೆಯದು ಸಿಗುವುದು ದುರ್ಲಭ. ಅವು ಬಹುತೇಕ ಸತುವಿನ ಮಿಶ್ರಲೋಹದ ಎರಕ, ಬಲ ಬಿದ್ದರೆ ಸೀಳುತ್ತವೆ.

ಆದ್ದರಿಂದ ಮೂಲ ರಾಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಜೊತೆಗೆ ಥ್ರೆಡ್ ಗೇಜ್ ಮತ್ತು ವರ್ನಿಯರ್ ಕ್ಯಾಲಿಪರ್ ಒಯ್ಯಿರಿ. ಹೊಸ ರಾಡ್ ಬೆರಳಿನ ಬಲದಲ್ಲೇ ಪೂರ್ತಿ ಇಳಿಯಬೇಕು. ಉದ್ದವೂ ಮುಖ್ಯ, ಬ್ಯಾಂಡ್ ಡ್ರಮ್ಮಿನ ರಾಡುಗಳು ಸ್ನೇರ್‌ಗಿಂತ ಉದ್ದ. ಸಿದ್ಧ ಸರಕು ಸಿಗದಿದ್ದರೆ ಲೇತ್ ಅಂಗಡಿಗೆ ಮೂಲ ರಾಡನ್ನೇ ಮಾದರಿಯಾಗಿ ಕೊಟ್ಟು ಕಡೆಸಿಕೊಳ್ಳಬಹುದು. ತಲೆ ಚೌಕವಾಗಿರಲಿ, ಡ್ರಮ್ ಕೀ ಹಿಡಿಯುವುದು ಅದನ್ನೇ. ತುಕ್ಕಿನ ಭಾಗಗಳಿಗೆ ಕ್ರೋಮ್ ಹಾಕಿಸುವುದಾದರೆ ಥ್ರೆಡ್ಡಿನ ಭಾಗವನ್ನು ಬಿಟ್ಟು ಹಾಕಿಸಿ. ಲೇಪ ಕೂತರೆ ಥ್ರೆಡ್ ಬಿಗಿಯಾಗುತ್ತದೆ. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಎಣ್ಣೆ ಮತ್ತು ನಯವಾದ ಹಿತ್ತಾಳೆ ಉಣ್ಣೆ ಸಾಕು. ಲಗ್‌ನೊಳಗಿನ ಸ್ಪ್ರಿಂಗ್ ಝೇಂಕರಿಸಿದರೆ ಅದರೊಳಗೆ ಫೆಲ್ಟ್ ತುಂಡು ತುರುಕಿ.

ಸ್ಟ್ರೈನರ್ ಮತ್ತು ತೂತುಗಳ ಲೆಕ್ಕ

ಸ್ಟ್ರೈನರ್ ವಿಚಾರದಲ್ಲಿ ನೋಡಬೇಕಾದ ಅಳತೆ ಒಂದೇ: ಶೆಲ್ ಮೇಲಿನ ಎರಡು ತೂತುಗಳ ನಡುವಣ ಅಂತರ, ನಡುವಿನಿಂದ ನಡುವಿಗೆ. ಹೊಸ ಸ್ಟ್ರೈನರ್‌ನ ತೂತು ಹೊಂದದಿದ್ದರೆ ಶೆಲ್‌ಗೆ ಡ್ರಿಲ್ ಹಾಕಿಬಿಡೋಣ ಎನ್ನುವ ಆಸೆ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳಬೇಕು. ಹಿತ್ತಾಳೆಯ ತೆಳು ತಗಡಿನಲ್ಲಿ ಒಂದು ಅಡಾಪ್ಟರ್ ಪಟ್ಟಿ ಮಾಡಿಸಿ, ಅದನ್ನು ಹಳೆಯ ತೂತಿಗೆ ಬಿಗಿದು, ಹೊಸ ಸ್ಟ್ರೈನರನ್ನು ಪಟ್ಟಿಗೆ ಕೂರಿಸಿದರೆ ಮರಕ್ಕೆ ಗಾಯವಾಗುವುದಿಲ್ಲ. ಈ ಪಟ್ಟಿಯನ್ನು ಯಾವ ಲೇತ್‌ನವರಾದರೂ ಮಾಡಿಕೊಡುತ್ತಾರೆ. ಸ್ನೇರ್ ತಂತಿಯಲ್ಲಿ 20 ಎಳೆಯದು ಸಾಮಾನ್ಯ ಆಯ್ಕೆ. ಶೆಲ್ ಅಂಚಿನಲ್ಲಿ ತಂತಿಯ ಪಟ್ಟಿ ಹಾಯುವ ಕಡೆ ಮೊದಲಿನಿಂದ ಇರುವ ಸಣ್ಣ ತಗ್ಗನ್ನು ಉಜ್ಜಿ ಸಮ ಮಾಡಬೇಡಿ, ತಂತಿ ಸದ್ದು ಸರಿಯಾಗಿ ಬರುವುದೇ ಅದರಿಂದ.

ತೆಗೆದ ಪ್ರತಿ ಮೂಲ ಭಾಗವನ್ನೂ, ಮುರಿದ ಸ್ಟ್ರೈನರನ್ನೂ ಸೇರಿಸಿ, ಚೀಲದಲ್ಲಿ ಹಾಕಿ ಹೆಸರು ಬರೆದಿಡಿ. ಮುಂದೆ ಯಾರಾದರೂ ಈ ಡ್ರಮ್ಮನ್ನು ಮೂಲ ರೂಪಕ್ಕೆ ತರಬೇಕೆಂದರೆ ಅವೇ ಆಧಾರ. ಹೊರಡುವ ಮುನ್ನ ನೆನಪಿರಲಿ: ಎಸ್.ಪಿ. ರಸ್ತೆಯ ಬಹುತೇಕ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ವಾರದ ದಿನ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಡಬ್ಬಿ ಇಳಿಸಿ ತೋರಿಸುವ ವ್ಯವಧಾನ ಅಂಗಡಿಯವರಿಗೂ ಇರುತ್ತದೆ. ಬಿಡಿಭಾಗ ಬದಲಾಗಬಹುದು, ಶೆಲ್ ಬದಲಾಗಬಾರದು. ಕೊಂಡ ಬಿಡಿಭಾಗವನ್ನು ಡ್ರಮ್ಮಿಗೆ ಹೊಂದಿಸಿ. ಡ್ರಮ್ಮನ್ನು ಕೊರೆದು ಬಿಡಿಭಾಗಕ್ಕೆ ಹೊಂದಿಸಬೇಡಿ.